ಮಣ್ಣಿನ ಕೋಟೆಗೆ ಕಾವಲುಗಾರರಾರು?

ಪುರಿ ಜಗನ್ನಾಥನ ಯಾತ್ರೆಯನ್ನು ಮುಗಿಸಿ ಮುಂಬಯಿಗೆ ಹಿಂದಿರುಗಿದ ಹಿರಿಯ ಮಿತ್ರರೊಬ್ಬರನ್ನು ಈಚೆಗೆ ಕಾಣಲು ಹೋಗಿದ್ದೆವು. ಮೂವತ್ತು ವರ್ಷಕಾಲ ಹೋಟೆಲಿನ ಗಲ್ಲಾದಲ್ಲಿ ಕುಳಿತು, ಈಗ ವಿಶ್ರಾಂತಿ ಪಡೆದಿರುವವರು ಅವರು. ಕೋಣಾರ್ಕದ ರಥಚಕ್ರಗಳನ್ನೂ ಭುವನೇಶ್ವರದ ಲಿಂಗರಾಜನ ಗೋಪುರವನ್ನೂ ಬಾಯ್ತುಂಬ ವರ್ಣಿಸಿದರು. “ಶಿಶುಪಾಲಗಢವನ್ನು ನೋಡಿದಿರಾ?” ಎಂದು ನಾವು ಕೇಳಿದೆವು. “ಅಲ್ಲಿ ಏನುಂಟು ಮಾರಾಯರೇ? ರಿಕ್ಷಾದವನು ಕೈತೋರಿಸಿದ. ಒಂದು ಮಣ್ಣಿನ ದಿಣ್ಣೆ, ಅದರ ಮೇಲೆ ನಾಲ್ಕು ದನ, ಆಚೆಗೆ ಹೊಸ ಮನೆಗಳು. ಅದನ್ನು ನೋಡಲಿಕ್ಕೆಂದು ಯಾರು ಇಳಿಯುತ್ತಾರೆ?” ಎಂದರು.

ಮಿತ್ರರನ್ನು ಆಕ್ಷೇಪಿಸುವ ಇಚ್ಛೆ ನಮಗಿಲ್ಲ. ಕಲ್ಲಿನಲ್ಲಿ ಕೆತ್ತಿದುದು ಕಣ್ಣಿಗೆ ತಾನಾಗಿಯೇ ಕಾಣುತ್ತದೆ. ಮಣ್ಣಿನಲ್ಲಿ ಕಟ್ಟಿದುದನ್ನು ಯಾರಾದರೂ ತಿಳಿಸಿಹೇಳಬೇಕಾಗುತ್ತದೆ. ಆದರೆ ಅವರ ಮಾತಿನ ಕೊನೆಯಲ್ಲಿ ಬಂದ “ಆಚೆಗೆ ಹೊಸ ಮನೆಗಳು” ಎಂಬುದು ನಮ್ಮ ಮನಸ್ಸಿನಲ್ಲಿ ಬಹಳ ಹೊತ್ತು ಉಳಿಯಿತು. ಏಕೆಂದರೆ ಆ ದಿಣ್ಣೆಯ ಅಳಿವು ಉಳಿವು ಆ ಹೊಸ ಮನೆಗಳ ಪ್ರಶ್ನೆಯೊಡನೆ ಬಿಡಿಸಲಾರದಂತೆ ಹೆಣೆದುಕೊಂಡಿದೆ. ಊರು ಬಿಟ್ಟು ಬಂದು, ದುಡಿದು, ಎಲ್ಲಿಯಾದರೂ ಒಂದು ತುಂಡು ನೆಲವನ್ನು ನಮ್ಮದೆನ್ನಬೇಕೆಂದು ಹಂಬಲಿಸುವ ನಮ್ಮಂಥವರಿಗೆ ಈ ಪ್ರಶ್ನೆ ಪರಕೀಯವಾದುದಲ್ಲ.

ಮೊದಲು ಆ ದಿಣ್ಣೆ ಏನೆಂಬುದನ್ನು ಅರಿಯೋಣ. ಅದು ಭುವನೇಶ್ವರದ ಆಗ್ನೇಯಕ್ಕೆ, ನಗರದ ಅಂಚಿನಲ್ಲಿಯೇ ಇದೆ. ಹೆಸರು ಮಹಾಭಾರತದ ಶಿಶುಪಾಲನನ್ನು ನೆನಪಿಗೆ ತರುವುದಾದರೂ, ಅಗೆದಾಗ ದೊರೆತುದು ಪುರಾಣವಲ್ಲ, ಪಟ್ಟಣ. 1948ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಬಿ.ಬಿ. ಲಾಲ್ ಅವರು ಅಲ್ಲಿ ಉತ್ಖನನ ನಡೆಸಿದರು. ಹೆಚ್ಚುಕಡಮೆ ಚಚ್ಚೌಕವಾದ ಕೋಟೆ. ಒಂದೊಂದು ಪಾರ್ಶ್ವವೂ ಸುಮಾರು ಮುಕ್ಕಾಲು ಮೈಲಿ. ಸುತ್ತಳತೆ ಮೂರು ಮೈಲಿ. ಪಾರ್ಶ್ವಕ್ಕೆ ಎರಡರಂತೆ ಎಂಟು ಹೆಬ್ಬಾಗಿಲುಗಳು. ಸುತ್ತಲೂ ಹರಿಯುವ ಗಂಗುವಾ ಎಂಬ ತೊರೆಯೇ ಕಂದಕ. ಒಳಗಿನ ನೆಲ ನಮ್ಮ ಲೆಕ್ಕದಂತೆ 360 ಎಕರೆಗಳಷ್ಟು. ಅದರ ನಡುವೆ ಜಂಬಿಟ್ಟಿಗೆಯ ಕಂಬಗಳು ಇಂದಿಗೂ ನಿಂತಿವೆ. ಊರವರು ಅವನ್ನು ಹದಿನಾರು ಕಂಬಗಳೆಂಬ ಅರ್ಥದಲ್ಲಿ ‘ಸೋಳ ಖಂಬ’ ಎನ್ನುತ್ತಾರೆ.

ಆ ಪ್ರಾಕಾರವನ್ನು ಲಾಲ್ ಅವರು ಅಡ್ಡಲಾಗಿ ಕತ್ತರಿಸಿ ನೋಡಿದಾಗ, ತಲೆಮಾರುಗಳ ಕೆಲಸ ಪದರಪದರವಾಗಿ ಕಂಡುಬಂದಿತು. ಮೊದಲನೆಯದು ಬರಿಯ ಜೇಡಿಮಣ್ಣಿನ ಕಟ್ಟು. ತಳದಲ್ಲಿ 110 ಅಡಿ ಅಗಲ, ಎತ್ತರ 25 ಅಡಿ. ಅನಂತರ ಬಂದವರು ಅದರ ಮೇಲೆ ಜಂಬಿಟ್ಟಿಗೆಯ ಜಲ್ಲಿಯನ್ನು, ಎಂದರೆ ನಮ್ಮ ಕರಾವಳಿಯವರು ಮುರಕಲ್ಲೆನ್ನುವ ಕಲ್ಲಿನ ಪುಡಿಯನ್ನು, ಆಳೆತ್ತರಕ್ಕೆ ಸ್ವಲ್ಪ ಕಡಮೆಯಾಗಿ ಹೊದಿಸಿದರು. ಮೂರನೆಯ ಹಂತದಲ್ಲಿ ಅದರ ಮೇಲೆ ಎರಡು ಇಟ್ಟಿಗೆಯ ಗೋಡೆಗಳನ್ನೆಬ್ಬಿಸಿ ನಡುವಣ ತೆರಪನ್ನು ಮಣ್ಣು ಜಲ್ಲಿಗಳಿಂದ ತುಂಬಿದರು. ಮೊದಲ ಕಟ್ಟು ಕ್ರಿಸ್ತಪೂರ್ವ ಎರಡನೆಯ ಶತಮಾನದ ಆರಂಭದ್ದೆಂದೂ, ಪಟ್ಟಣದ ವಾಸ ಸುಮಾರು ಕ್ರಿ.ಪೂ. 300ರಿಂದ ಕ್ರಿ.ಶ. 350ರ ವರೆಗೆ ನಡೆಯಿತೆಂದೂ ಲಾಲ್ ಅವರು ನಿರ್ಣಯಿಸಿದರು. ಮುಂದೆ 2005ರಿಂದ ಕೆಲವು ವರ್ಷ ಪುಣೆಯ ಡೆಕ್ಕನ್ ಕಾಲೇಜಿನ ಆರ್.ಕೆ. ಮೊಹಂತಿ ಮತ್ತು ಅಮೆರಿಕೆಯ ಮೋನಿಕಾ ಸ್ಮಿತ್ ಇವರಿಬ್ಬರೂ ಅಲ್ಲಿ ಅಗೆದು, ಕೋಟೆಯ ಒಳಗೆ ಬಾಳಿದ ಸಾಮಾನ್ಯರ ಮನೆಮಠಗಳನ್ನು ಅರಸಿದರು. ಪುಣೆಯ ನಮ್ಮ ಬಂಧುಗಳು ದಿನವೂ ಯಾವ ವಿದ್ಯಾಸಂಸ್ಥೆಯ ಆಸುಪಾಸಿನಲ್ಲಿ ಓಡಾಡುತ್ತಾರೋ ಅಲ್ಲಿಯೇ ಈ ಮಣ್ಣಿನ ಕಥೆ ಬಲ್ಲವರಿದ್ದರೆಂಬುದು ಗಮನಾರ್ಹ.

ಲೆಕ್ಕದ ಕೆಲಸ ಮಾಡುವ ವಾಚಕರು ನಮ್ಮೊಡನೆ ಒಂದು ಸಣ್ಣ ಲೆಕ್ಕವನ್ನು ಮಾಡಲಿ. ಆ ಮೊದಲ ಮಣ್ಣಿನ ಕಟ್ಟನ್ನು ಬಹಳ ಜಿಪುಣತನದಿಂದ, ಮೇಲ್ತುದಿಯಲ್ಲಿ ಅಗಲವೇ ಇಲ್ಲದ ತ್ರಿಕೋನವೆಂದೇ ಹಿಡಿಯೋಣ. ತಳ 110 ಅಡಿ, ಎತ್ತರ 25 ಅಡಿಯಾದರೆ ಅಡ್ಡಕೊಯ್ತದ ವಿಸ್ತೀರ್ಣ 1375 ಚದರಡಿ. ಮೂರು ಮೈಲಿ ಉದ್ದಕ್ಕೆ, ಎಂದರೆ 15,840 ಅಡಿಗೆ, ಅದನ್ನು ಗುಣಿಸಿದರೆ 2 ಕೋಟಿ 17 ಲಕ್ಷ ಘನ ಅಡಿಗಳಿಗೂ ಮೀರಿದ ಮಣ್ಣು. ಬುಟ್ಟಿಯೊಂದಕ್ಕೆ ಒಂದು ಘನ ಅಡಿಯೆಂದರೂ ಎರಡು ಕೋಟಿಗೂ ಮಿಕ್ಕ ಬುಟ್ಟಿಗಳು! ಯಂತ್ರವಿರಲಿಲ್ಲ, ತಲೆಯಿತ್ತು, ತಲೆಯ ಮೇಲೆ ಸಿಂಬಿಯಿತ್ತು, ಹೊರುವ ಕತ್ತಿತ್ತು. ಅಷ್ಟು ಬುಟ್ಟಿಗಳನ್ನು ಹೊತ್ತವರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ರಾಜರ ಹೆಸರು ಬಂಡೆಯ ಮೇಲಿದೆ. ಕೂಲಿಯವರ ಕುರುಹು ಆ ದಿಣ್ಣೆಯೊಂದೇ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗುವ ಜನ, ತಮ್ಮ ಶ್ರಮ ಯಾವ ಶಾಸನದಲ್ಲಿಯೂ ದಾಖಲಾಗದೆಂದು ಅರಿತಿರುವ ಜನ, ಆ ದಿಣ್ಣೆಯನ್ನು ನೋಡಿದರೆ ಅದರ ಬೆಲೆಯನ್ನು ಪಂಡಿತರಿಗಿಂತ ಬೇಗನೆ ತಿಳಿಯಬಲ್ಲರೆಂದು ನಮ್ಮ ನಂಬಿಕೆ.

ಕೋಟೆಯ ಉಳಿವಿಗೆ ಹಿಂದೆ ಕೈಹಾಕಿದ ರಾಜನೊಬ್ಬನ ಸುದ್ದಿಯೂ ನಮಗೆ ದೊರೆತಿದೆ. ಭುವನೇಶ್ವರದ ಬಳಿಯ ಉದಯಗಿರಿಯಲ್ಲಿರುವ ಹಾಥಿಗುಂಫಾ ಶಾಸನವು ಕಳಿಂಗದ ಖಾರವೇಲನದು. ಆತನು ಪಟ್ಟಕ್ಕೆ ಬಂದ ಮೊದಲ ವರ್ಷವೇ, ಬಿರುಗಾಳಿಯಿಂದ ಹಾಳಾಗಿದ್ದ ಕಳಿಂಗನಗರದ ಬಾಗಿಲುಗಳನ್ನೂ ಪ್ರಾಕಾರವನ್ನೂ ಮನೆಗಳನ್ನೂ ದುರಸ್ತಿ ಮಾಡಿಸಿದನೆಂದು ಅದು ಹೇಳುತ್ತದೆ. ಆ ಕಳಿಂಗನಗರವು ಶಿಶುಪಾಲಗಢವೇ ಇರಬೇಕೆಂದು ಲಾಲ್ ಮೊದಲಾದ ಹಲವು ವಿದ್ವಾಂಸರ ಊಹೆ. ಅಶೋಕನ ಕಾಲದ ತೋಸಲಿ ಇದೆಂದು ಹೇಳುವವರೂ ಉಂಟು. ವಾದ ಹೇಗೇ ಇರಲಿ, ಒಂದು ಮಾತು ಸ್ಪಷ್ಟ. ಒಡಿಶಾದ ಕರಾವಳಿಗೆ ಚಂಡಮಾರುತ ಹೊಸದಲ್ಲ. 1999ರ ಮಹಾಚಂಡಮಾರುತವನ್ನೂ 2019ರ ಫನಿಯನ್ನೂ ಆ ನಾಡು ಕಂಡಿದೆ. ಎರಡು ಸಾವಿರ ವರ್ಷಗಳ ಗಾಳಿಮಳೆಗಳನ್ನು ಆ ಮಣ್ಣಿನ ಕಟ್ಟು ತಾಳಿಕೊಂಡಿತು. ಅದು ತಾಳಲಾರದೆ ಕುಸಿಯುತ್ತಿರುವುದು ನಮ್ಮ ಕಾಲದ ಗುದ್ದಲಿಗೆ, ನಮ್ಮ ಕಾಲದ ಜೆಸಿಬಿ ಯಂತ್ರಕ್ಕೆ.

ಇದಕ್ಕೆ ಕಾರಣವನ್ನರಿಯಲು ಮತ್ತೆ 1948ಕ್ಕೇ ಹೋಗಬೇಕು. ಲಾಲ್ ಅವರು ಹಳೆಯ ಪಟ್ಟಣವನ್ನು ಅಗೆಯುತ್ತಿದ್ದ ವರ್ಷವೇ, ಏಪ್ರಿಲ್ 13ರಂದು, ಜವಾಹರಲಾಲ್ ನೆಹರೂ ಅವರು ಹೊಸ ರಾಜಧಾನಿಯಾದ ಭುವನೇಶ್ವರಕ್ಕೆ ಅಡಿಗಲ್ಲನ್ನಿಟ್ಟರು. ಆ ಹೊಸ ನಗರದ ನಕ್ಷೆಯನ್ನು ರಚಿಸಿದ ಆಟೋ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ವಾಸ್ತುತಜ್ಞರು ನಮಗೆ ಅಪರಿಚಿತರಲ್ಲ. 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರೇ ಅವರು. ಅಂದು ಹೊಸ ನಗರವು ಚಿಕ್ಕದು. ಹಳೆಯ ಕೋಟೆ ಗದ್ದೆಗಳ ನಡುವೆ ದೂರದಲ್ಲಿತ್ತು. ನಗರ ಬೆಳೆಯಿತು. ರಸ್ತೆ ಬಂದಿತು. ಗದ್ದೆಗೆ ಸೈಟಿನ ಬೆಲೆ ಬಂದಿತು. ಕೋಟೆಯ ಒಳಗಿನ ನೆಲದ ಬಹುಪಾಲು ಖಾಸಗಿಯವರದು. ರೈತರು ತಲೆಮಾರುಗಳಿಂದ ಉತ್ತುಬಿತ್ತಿದ ಭೂಮಿ. ಅದು ಕೈಯಿಂದ ಕೈಗೆ ಹೋಯಿತು, ತುಂಡುತುಂಡಾಯಿತು, ಮನೆಗಳೆದ್ದವು. ಪ್ರಾಕಾರದ ಮಣ್ಣನ್ನೇ ತೆಗೆದು ತಗ್ಗು ತುಂಬಿದರೆಂಬ ದೂರುಗಳು ಹಲವು ವರ್ಷಗಳಿಂದ ಕೇಳಿಬರುತ್ತಿವೆ.

ಕಲ್ಲಿನ ದೇವಾಲಯದ ಒಂದು ಮೂರ್ತಿಯನ್ನು ಕದ್ದರೆ ಊರೆಲ್ಲ ಗುಲ್ಲಾಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ, ಪೋಲೀಸರು ಓಡಾಡುತ್ತಾರೆ. ಮಣ್ಣಿನ ಕೋಟೆ ಹಾಗೆ ಒಂದು ರಾತ್ರಿಯಲ್ಲಿ ಸಾಯುವುದಿಲ್ಲ. ಇಂದು ಒಂದು ಗಾಡಿ ಮಣ್ಣು, ನಾಳೆ ಬಚ್ಚಲುನೀರಿಗೆ ಒಂದು ಮೋರಿ, ನಾಡಿದ್ದು ಸೈಕಲ್ ಹೋಗಲು ಒಂದು ದಾರಿ, ಆ ದಾರಿಯೇ ಮುಂದಿನ ವರ್ಷ ಲಾರಿಯ ದಾರಿ. ಯಾವ ಒಂದು ದಿನವನ್ನೂ ತೋರಿಸಿ ಇಂದು ಕೋಟೆ ಹಾಳಾಯಿತೆಂದು ಹೇಳಲಾಗುವುದಿಲ್ಲ. ಬುಟ್ಟಿಬುಟ್ಟಿಯಾಗಿ ಕಟ್ಟಿದುದು ಬುಟ್ಟಿಬುಟ್ಟಿಯಾಗಿಯೇ ಕರಗುತ್ತದೆ.

ಕಾನೂನು ಇಲ್ಲವೇ? ಇದೆ. ಶಿಶುಪಾಲಗಢವು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಿದೆ. ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಥಳದ ಎಲ್ಲೆಯಿಂದ 100 ಮೀಟರುಗಳೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರುಗಳಲ್ಲಿ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ. ಸಂರಕ್ಷಿತ ಪ್ರದೇಶವನ್ನು ಸರ್ಕಾರವೇ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೂ ಆ ಕಾಯಿದೆಯಲ್ಲಿದೆ. ಇಷ್ಟಿದ್ದೂ ಮನೆಗಳೆದ್ದುವೆಂದರೆ ದೋಷ ಕಾಯಿದೆಯ ಅಕ್ಷರದಲ್ಲಿಲ್ಲ, ಅದನ್ನು ನಡೆಸುವ ರೀತಿಯಲ್ಲಿದೆ.

ಇಲ್ಲಿ ಎದುರು ಪಕ್ಷದ ಮಾತನ್ನೂ ಕೇಳಲೇಬೇಕು. “ಬದುಕಿರುವವನಿಗೆ ಸೂರಿಲ್ಲದಿರುವಾಗ ಸತ್ತವರ ದಿಣ್ಣೆಗೆ 360 ಎಕರೆಯೇಕೆ?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಚಾಳಿನ ಒಂದು ಕೋಣೆಯಲ್ಲಿ ಎಂಟು ಮಂದಿ ಸರದಿಯಂತೆ ಮಲಗಿದ ಅನುಭವವುಳ್ಳವರು ನಮ್ಮಲ್ಲಿ ಎಷ್ಟಿಲ್ಲ? ಗುಮಾಸ್ತನೊಬ್ಬ ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ತೆಗೆದು, ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟು ನಿವೇಶನವನ್ನು ಕೊಳ್ಳುವಾಗ ಅವನ ಎದೆ ಹೇಗೆ ಬಡಿದುಕೊಳ್ಳುತ್ತದೆಂಬುದು ನಮಗೆ ಗೊತ್ತು. ಕೋಟೆಯ ಒಳಗೆ ಸೈಟು ಕೊಂಡವರೆಲ್ಲರೂ ದುಷ್ಟರೆಂದು ಹೇಳುವುದು ಸುಲಭ, ಸತ್ಯವಲ್ಲ. ಅವರಲ್ಲಿ ಅನೇಕರು ನಮ್ಮ ಹಾಗೆಯೇ ಸಣ್ಣ ಸಂಬಳದವರಾಗಿರಬಹುದು. ಮಾರುವವನು ಪ್ರಾಕಾರವನ್ನು ತೋರಿಸಿ ‘ಇದು ಬರಿಯ ದಿಣ್ಣೆ’ ಎಂದರೆ, ಕೊಳ್ಳುವವನಿಗೆ ತಿಳಿಯುವ ಬಗೆ ಯಾವುದು? ಇತ್ತ ರೈತನ ಪಾಡನ್ನು ನೋಡಿರಿ. ಅಜ್ಜನ ಕಾಲದ ಭೂಮಿ. ಅದರ ಮೇಲೆ ಮಗನಿಗೊಂದು ಕೋಣೆ ಕಟ್ಟಿಕೊಳ್ಳಲು ಅಪ್ಪಣೆಯಿಲ್ಲ. ಕೊಳ್ಳಲು ಸರ್ಕಾರ ಬರುವುದಿಲ್ಲ, ದಲ್ಲಾಳಿ ಮಾತ್ರ ಬರುತ್ತಾನೆ. ಅವನು ದಲ್ಲಾಳಿಯ ಮಾತನ್ನು ಕೇಳಿದರೆ ಆಶ್ಚರ್ಯವೇನು?

ಆದರೂ ‘ಸತ್ತವರ ದಿಣ್ಣೆ’ ಎಂಬ ಮಾತನ್ನು ನಾವು ಒಪ್ಪಲಾರೆವು. ಮನೆಯನ್ನು ಬೇರೆ ಕಡೆ ಕಟ್ಟಬಹುದು. ಭುವನೇಶ್ವರಕ್ಕೆ ಬೆಳೆಯಲು ಬೇರೆ ದಿಕ್ಕುಗಳಿವೆ. ಎರಡು ಸಾವಿರ ವರ್ಷದ ಕೋಟೆಯನ್ನು ಬೇರೆ ಕಡೆ ಕಟ್ಟಲಾಗುವುದಿಲ್ಲ. ಅಗೆದು ನೋಡಿರುವುದು ಅದರ ಬಲು ಸಣ್ಣ ಭಾಗವನ್ನು ಮಾತ್ರ. ಉಳಿದುದೆಲ್ಲ ಇನ್ನೂ ಬಿಚ್ಚದ ಕಡತ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಬಿಚ್ಚದ ಕಡತವನ್ನು ಸುಡುವುದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಅಡಿಪಾಯಕ್ಕೆಂದು ಆರಡಿ ತೋಡಿದ ಪ್ರತಿಯೊಂದು ಗುಂಡಿಯಲ್ಲಿಯೂ ಆ ಕಡತದ ಒಂದೆರಡು ಹಾಳೆಗಳು ಶಾಶ್ವತವಾಗಿ ಹೋಗುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಉತ್ತರವು ಶಿಶುಪಾಲಗಢದ ನೆರೆಯಲ್ಲಿಯೇ, ಕೆಲವೇ ಮೈಲಿಗಳ ದೂರದ ಧೌಲಿಯ ಬಂಡೆಯ ಮೇಲಿದೆಯೆಂದು ನಮಗನಿಸುತ್ತದೆ. ಕಳಿಂಗ ಯುದ್ಧದ ಅನಂತರ ಅಶೋಕನು ಅಲ್ಲಿ ಬರೆಸಿದ ಶಾಸನಗಳಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಒಂದು, ತೋಸಲಿಯ ನಗರದಲ್ಲಿ ನ್ಯಾಯ ನಡೆಸುವ ಅಧಿಕಾರಿಗಳನ್ನು ಉದ್ದೇಶಿಸಿದುದು. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಹೇಳಿ, ಯಾರೂ ನಿಷ್ಕಾರಣವಾಗಿ ಪೀಡೆಗೊಳಗಾಗಬಾರದೆಂದೂ, ಅಧಿಕಾರಿಯಾದವನು ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳನ್ನು ಬಿಡಬೇಕೆಂದೂ ದೊರೆ ಅದರಲ್ಲಿ ಆಜ್ಞಾಪಿಸುತ್ತಾನೆ. ಈ ಪ್ರತ್ಯೇಕ ಶಾಸನಗಳು ಧೌಲಿಯನ್ನು ಬಿಟ್ಟರೆ ಗಂಜಾಂ ಜಿಲ್ಲೆಯ ಜೌಗಡದಲ್ಲಿವೆ. ಅದೂ ಮಣ್ಣಿನ ಕೋಟೆಯೇ. ಕಳಿಂಗದ ಹೊರಗೆ ಅವು ದೊರೆತಿರುವುದು ಒಂದೇ ಕಡೆ: ನಮ್ಮ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, 1989ರಲ್ಲಿ ಅವು ಬೆಳಕಿಗೆ ಬಂದವು. ಅಲ್ಲಿಯೂ ರಣಮಂಡಲವೆಂಬ ಪ್ರಾಚೀನ ಕೋಟೆಯ ನೆಲೆಯಿದೆ. ಒಡಿಶಾದ ಮಾತನ್ನು ನಾವು ಪರರ ಮಾತೆಂದು ಬಿಡಲಾಗದಿರುವುದಕ್ಕೆ ಇದೂ ಒಂದು ಕಾರಣ.

ಕ್ರೌರ್ಯ ಬೇಡ, ಆಲಸ್ಯವೂ ಬೇಡ: ಆ ಬಂಡೆಯ ಮಾತಿನ ಸಾರ ನಮಗೆ ಸಾಕು. ನಮ್ಮ ಆಡಳಿತದ ರೋಗವೇ ಇದು. ಮೊದಲು ಆಲಸ್ಯ, ಆಮೇಲೆ ಕ್ರೌರ್ಯ. ಕಟ್ಟುವಾಗ ಕಣ್ಣು ಮುಚ್ಚಿಕೊಂಡಿರುವುದು, ಕಟ್ಟಿಯಾದ ಮೇಲೆ ಕೆಡಹಲು ಬರುವುದು. ನಮ್ಮ ಹಂಪೆಯಲ್ಲಿ ಏನಾಯಿತು? ವಿರೂಪಾಪುರ ಗಡ್ಡಿಯಲ್ಲಿ ವಸತಿಗೃಹಗಳೂ ಹೋಟೆಲುಗಳೂ ವರ್ಷಗಟ್ಟಲೆ ನಡೆದವು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು; ಮರುತಿಂಗಳೇ ಅವನ್ನು ಕೆಡಹಲಾಯಿತು. ಹಂಪೆಯ ರಕ್ಷಣೆಯ ದೃಷ್ಟಿಯಿಂದ ತೀರ್ಪು ಸರಿಯಾದುದೇ. ಆದರೆ ಅಲ್ಲಿ ಅಡಿಗೆ ಮಾಡುತ್ತಿದ್ದವರು, ಎಲೆ ತೆಗೆಯುತ್ತಿದ್ದವರು, ಕೋಣೆ ಗುಡಿಸುತ್ತಿದ್ದವರು ಮರುದಿನ ಎಲ್ಲಿಗೆ ಹೋಗಬೇಕೆಂದು ಯಾರು ಕೇಳಿದರು? ಮೊದಲ ಕಟ್ಟಡದ ಮೊದಲ ಇಟ್ಟಿಗೆಯ ದಿನವೇ ತಡೆದಿದ್ದರೆ ಈ ಕಷ್ಟ ಯಾರಿಗೂ ಬರುತ್ತಿರಲಿಲ್ಲ. ತಡವಾಗಿ ಬಂದ ನ್ಯಾಯದ ದಂಡವನ್ನು ತೆರುವವರು ಯಾವಾಗಲೂ ಕೆಳಗಿನ ಮೆಟ್ಟಿಲಿನವರೇ.

ಆದುದರಿಂದ ಶಿಶುಪಾಲಗಢದ ವಿಷಯದಲ್ಲಿ ನಮ್ಮ ಸಲಹೆಗಳು ಸರಳವಾದುವು. ಮೊದಲನೆಯದಾಗಿ, ಪ್ರಾಕಾರದ ಉದ್ದಕ್ಕೂ ಎದ್ದುಕಾಣುವ ಎಲ್ಲೆಗಲ್ಲುಗಳನ್ನು ನೆಡಬೇಕು. ಇಲ್ಲಿ ಕಟ್ಟಬಾರದೆಂಬುದನ್ನು ಒಡಿಯಾ ಭಾಷೆಯಲ್ಲಿ, ಕೂಲಿಯವನಿಗೂ ತಿಳಿಯುವ ಮಾತಿನಲ್ಲಿ ಬರೆಸಬೇಕು. ಎರಡನೆಯದಾಗಿ, ಕೋಟೆಯೊಳಗಿನ ಹಾಗೂ ನಿಷಿದ್ಧ ವಲಯದ ಪ್ರತಿಯೊಂದು ಸರ್ವೆ ನಂಬರಿನ ಎದುರಿಗೂ ಭೂದಾಖಲೆಯಲ್ಲಿಯೇ ಈ ನಿರ್ಬಂಧವನ್ನು ನಮೂದಿಸಬೇಕು. ನೋಂದಣಿ ಕಚೇರಿಯ ಮೇಜಿನ ಮೇಲೆಯೇ ಅದು ಕಣ್ಣಿಗೆ ಬಿದ್ದರೆ, ತಿಳಿಯದೆ ಮೋಸಹೋಗುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಇದಕ್ಕೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ, ಒಬ್ಬ ನಿಷ್ಠಾವಂತ ಗುಮಾಸ್ತನ ಲೇಖನಿ. ಮೂರನೆಯದಾಗಿ, ಪ್ರಾಕಾರದ ನೆಲವನ್ನೂ ಅದರ ಒಳಮಗ್ಗುಲನ್ನೂ ನ್ಯಾಯವಾದ ಬೆಲೆ ಕೊಟ್ಟು, ಇಲ್ಲವೇ ಬದಲಿ ನೆಲ ಕೊಟ್ಟು, ಕಂತುಕಂತಾಗಿ ಸ್ವಾಧೀನಪಡಿಸಿಕೊಳ್ಳಬೇಕು. ಉಳಿದ ಗದ್ದೆಗಳಲ್ಲಿ ರೈತರು ಮೇಲ್ಮಣ್ಣಿನ ಬೇಸಾಯ ಮುಂದುವರಿಸಲಿ. ಗದ್ದೆಯಿಂದ ಕೋಟೆಗೆ ಆಗುವ ಹಾನಿ ಅಲ್ಪ, ಅಡಿಪಾಯದಿಂದ ಆಗುವುದು ಅಪಾರ. ನಾಲ್ಕನೆಯದಾಗಿ, ಕಾವಲಿನ ಕೆಲಸವನ್ನು ಸಂಬಳ ಸಹಿತ ಆ ಊರವರಿಗೇ ಕೊಡಬೇಕು. ತನ್ನ ಅನ್ನ ಕೋಟೆಯಿಂದ ಬರುತ್ತದೆಂದು ತಿಳಿದವನು ಅದರ ಒಂದು ಬುಟ್ಟಿ ಮಣ್ಣನ್ನೂ ಹೊರಗೆ ಬಿಡಲಾರನು.

ಈಗಾಗಲೇ ಮನೆ ಕಟ್ಟಿಕೊಂಡು ಸಂಸಾರ ಹೂಡಿದವರ ಗತಿಯೇನು? ಅವರಿಗೆ ಬದಲಿ ನಿವೇಶನವನ್ನು ತೋರಿಸದೆ ಒಂದು ಮನೆಯನ್ನೂ ಕೆಡಹಕೂಡದು. ಆದರೆ ಇಂದಿನಿಂದ ಏಳುವ ಹೊಸ ಗೋಡೆಯೊಂದನ್ನೂ ಸಹಿಸಕೂಡದು. ಹಳೆಯದರಲ್ಲಿ ದಯೆ, ಹೊಸದರಲ್ಲಿ ಬಿಗಿ. ಈ ಎರಡೂ ಒಟ್ಟಿಗೆ ನಡೆದಾಗ ಮಾತ್ರ ಜನ ಕಾಯಿದೆಯನ್ನು ನಂಬುತ್ತಾರೆ.

ವಾಚಕರು ಕೇಳಬಹುದು: ಮುಂಬಯಿಯ ಸಪ್ಲಾಯರನೂ ಮದರಾಸಿನ ಗುಮಾಸ್ತನೂ ಇದರಲ್ಲಿ ಮಾಡಬೇಕಾದುದೇನು? ಹೆಚ್ಚೇನಿಲ್ಲ. ಪುರಿಗೆ ಹೋಗುವವರು ಭುವನೇಶ್ವರದಲ್ಲಿ ಅರ್ಧ ದಿನ ಉಳಿದು ಆ ದಿಣ್ಣೆಯನ್ನೊಮ್ಮೆ ಹತ್ತಲಿ. ನೋಡಲು ಬರುವವರಿರುವ ಸ್ಥಳವನ್ನು ಹಾಳುಮಾಡಲು ಕೈ ಹಿಂಜರಿಯುತ್ತದೆ. ಇಂದು ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿ ಒಡಿಶಾದಿಂದ ಬಂದ ಹುಡುಗರೂ ನಮ್ಮವರ ಪಕ್ಕದಲ್ಲಿಯೇ ನಿಂತು ಹಿಟ್ಟು ರುಬ್ಬುತ್ತಿದ್ದಾರೆ, ಪಾತ್ರೆ ತೊಳೆಯುತ್ತಿದ್ದಾರೆ. ನಮ್ಮ ಹಿರಿಯರು ಇದೇ ನಗರಕ್ಕೆ ಬಂದಾಗ ಅವರ ಊರಿನ ಹೆಸರನ್ನು ಕೇಳುವವರು ಇರಲಿಲ್ಲ. ಆ ಹುಡುಗರನ್ನಾದರೂ ನಾವು ಕೇಳೋಣ. ನಿನ್ನ ನಾಡಿನಲ್ಲಿ ಇಂಥದೊಂದು ಕೋಟೆಯಿದೆ, ಬಲ್ಲೆಯಾ ಎಂದು ಹೇಳೋಣ. ರಜೆಗೆ ಊರಿಗೆ ಹೋದಾಗ ನಮ್ಮ ನಮ್ಮ ಗ್ರಾಮದ ಹಳೆಯ ಕೋಟೆಯ ಮಣ್ಣನ್ನು ಯಾರಾದರೂ ಗಾಡಿಯಲ್ಲಿ ತುಂಬುತ್ತಿದ್ದರೆ, ತಡೆದು ಒಂದು ಮಾತು ಕೇಳೋಣ. ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆಯೋಣ. ಮತ್ತು ಎಲ್ಲಿಯೇ ಆಗಲಿ ಸೈಟು ಕೊಳ್ಳುವ ಮೊದಲು, ಆ ನೆಲ ಯಾವ ಕೋಟೆಗೆ, ಯಾವ ಕೆರೆಗೆ ಸೇರಿದುದೆಂದು ವಿಚಾರಿಸಿ ಹೆಜ್ಜೆಯಿಡೋಣ.

ಯಾತ್ರೆಯಿಂದ ಬಂದ ನಮ್ಮ ಮಿತ್ರರಿಗೆ ಎರಡು ಕೋಟಿ ಬುಟ್ಟಿಗಳ ಲೆಕ್ಕವನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ಜನ ಹೊತ್ತದ್ದೋ! ಹೇಳಿದ್ದರೆ ಇಳಿದು ನೋಡುತ್ತಿದ್ದೆ ಮಾರಾಯರೇ” ಎಂದರು. ಹೇಳುವವರಿಲ್ಲದೆ ಕೋಟೆ ಹಾಳಾಯಿತೆಂಬ ಅಪವಾದ ನಮ್ಮ ತಲೆಮಾರಿಗೆ ಬರದಿರಲೆಂದು ಈ ನಾಲ್ಕು ಮಾತುಗಳನ್ನು ಬರೆದಿದ್ದೇವೆ.